ನಲವತ್ತನೆಯ ಕಂಬಳಿ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಮನೆಗೂ ಬಾಯ್ಲರ್ ಮನೆಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಸಣ್ಣ ಕೋಣೆ. ಅದರ ಒಂದು ಗೋಡೆಯುದ್ದಕ್ಕೂ ಬಿಸಿನೀರಿನ ಕೊಳವೆ ಹಾದುಹೋಗಿತ್ತು. ಹಾಗಾಗಿ ಚಳಿಗಾಲದಲ್ಲಿ ಇಡೀ ಆಸ್ಪತ್ರೆಗೆ ಅದೇ ಬೆಚ್ಚಗಿನ ಜಾಗ. ಬೆನ್ನು ಕಾಯಿಸಿಕೊಳ್ಳೋಕೆ ನರ್ಸುಗಳು ಏನಾದರೂ ನೆಪ ಮಾಡಿಕೊಂಡು ಬರುತ್ತಿದ್ದರು. ಒಬ್ಬಳಿಗೆ ತೋಳಿನ ಹೊಲಿಗೆ ಬಿಚ್ಚಿದೆ, ಇನ್ನೊಬ್ಬಳಿಗೆ ಗುಂಡಿ ಕಿತ್ತುಬಂದಿದೆ. ಆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ ಗುಂಡಿಯಮ್ಮ ಎಂದೇ ಹೆಸರು ಬಿದ್ದಿತ್ತು. ಆಳೂ ಕುಳ್ಳಗೆ, ಗುಂಡಗೆ.

ಕೆಲಸದಲ್ಲಿ ಅವಳನ್ನು ಸರಿಗಟ್ಟುವವರಿರಲಿಲ್ಲ. ಹಾಸಿಗೆಯ ಬಟ್ಟೆ ಯಾವಾಗಲೂ ನಡುವೆಯೇ ಸವೆಯುತ್ತದೆ, ಮಲಗುವ ಮೈ ಬೀಳುವುದು ಅಲ್ಲಿ ತಾನೆ. ಅದನ್ನು ನಡುವೆ ಸೀಳಿ, ಗಟ್ಟಿಯಾಗಿರುವ ಎರಡು ಅಂಚುಗಳನ್ನು ಒಳಕ್ಕೆ ತಂದು ಕೂಡಿಸಿ ಹೊಲಿದರೆ ಇನ್ನೆರಡು ವರ್ಷ ಬಾಳುತ್ತದೆ. ವರ್ಷದ ಕೊನೆಗೆ ಇದೇ ಕೈಚಳಕವನ್ನು ಅವಳು ಕಂಬಳಿಗಳ ಮೇಲೆ ತೋರಿಸುತ್ತಿದ್ದಳು. ರದ್ದಿಗೆ ಹಾಕಿದ ಎರಡು ಕಂಬಳಿ ಸೇರಿಸಿ ಒಂದು ಒಳ್ಳೆಯದನ್ನು ಮಾಡುವುದು. ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಅಂಥ ನಲವತ್ತು ಕಂಬಳಿಗಳನ್ನು ಬಡವರಿಗೆ ಕೊಡುತ್ತಿದ್ದರು. ಚರ್ಚಿನ ಹೆಂಗಸರು ಮೊದಲೇ ಬೀದಿ ಬೀದಿ ತಿರುಗಿ ನಲವತ್ತು ಚೀಟಿ ಹಂಚಿರುತ್ತಿದ್ದರು. ಹೊಲಿದವಳ ಕೈಯಿಂದಲೇ ಕೊಡಿಸುವುದು ಅಲ್ಲಿನ ರೂಢಿ.

"ನನ್ನ ಕೈಯಿಂದ ಯಾರೂ ಬರಿಗೈಲಿ ಹೋದೋರಿಲ್ಲ" ಎಂದು ಗುಂಡಿಯಮ್ಮ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುವುದರಲ್ಲಿ ಅವಳಿಗೆ ಸಂಕೋಚವಿರಲಿಲ್ಲ.

ಕಂಬಳಿಗಳಲ್ಲಿ ಒಂದು ಜಾತಿ ಮಾತ್ರ ಆ ಕೋಣೆಗೆ ಬರುವಂತಿರಲಿಲ್ಲ. ಸೋಂಕಿನ ವಾರ್ಡಿನ ಕಂಬಳಿಗಳ ಮೂಲೆಗೆ ನಾಲ್ಕು ಹೊಲಿಗೆ ಕೆಂಪು ದಾರ ಹಾಕಿರುತ್ತಿತ್ತು. ಹಾಕುತ್ತಿದ್ದವಳು ಅವಳೇ. ಹತ್ತಿ ಬಟ್ಟೆಯಾದರೆ ಕುದಿಸಬಹುದು, ಕುದಿಸಿದರೆ ರೋಗ ಸಾಯುತ್ತದೆ. ಉಣ್ಣೆಯನ್ನು ಕುದಿಸಿದರೆ ಅದು ಮುದುಡಿ ಹಲಗೆಯಂತಾಗುತ್ತದೆ. ಆದ್ದರಿಂದ ಕೆಂಪು ದಾರದ ಕಂಬಳಿ ಹಳೆಯದಾಗಲಿ ಹೊಸದಾಗಲಿ, ಅದನ್ನು ಹೊದ್ದವರು ಹೋದ ಮೇಲೆ ಬಾಯ್ಲರ್ ಒಲೆಗೆ ಹೋಗಬೇಕು. ಇದು ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಗೂ ಗೊತ್ತಿದ್ದ ವಿಷಯ.

ಅವಳು ಕೆಲಸಕ್ಕೆ ಸೇರಿ ಹದಿನಾಲ್ಕನೆಯ ವರ್ಷ. ಹಂಚುವ ದಿನಕ್ಕೆ ಮೂರು ದಿನವಿತ್ತು. ನಲವತ್ತನೆಯ ಕಂಬಳಿಯ ನಡುವಿನ ಹೊಲಿಗೆ ಚಪ್ಪಟೆಯಾಗಲೆಂದು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ನರ್ಸುಗಳು ಕ್ರಿಸ್‌ಮಸ್ ಹಾಡು ಕಲಿಯುತ್ತಿದ್ದರು. ಒಬ್ಬಳ ಸ್ವರ ಎಲ್ಲೋ ಹೋಗಿ, ಉಳಿದವರು ನಕ್ಕು, ಮತ್ತೆ ಮೊದಲಿಂದ ಶುರುಮಾಡಿದರು. ಗುಂಡಿಯಮ್ಮ ಬಾಗಿಲಿಗೆ ಹೋಗಿ ನಿಂತಳು. ಹಾಡು ಅಷ್ಟು ಚೆನ್ನಾಗಿತ್ತು. ಮೂಗಿಗೆ ಕರಕಲು ವಾಸನೆ ಬಡಿದಾಗ ಓಡಿ ಬಂದು ನೋಡಿದರೆ ಕಂಬಳಿಯ ನಡುವೆ ಇಸ್ತ್ರಿ ಪೆಟ್ಟಿಗೆಯ ಅಚ್ಚಿನಷ್ಟೇ ದೊಡ್ಡ ತೂತು, ಅಂಚಿನಲ್ಲಿ ಇನ್ನೂ ಹೊಗೆ.

ರದ್ದಿ ಕಂಬಳಿಗಳೆಲ್ಲ ಮುಗಿದಿದ್ದವು. ಹೋಗಿ ಮೇಲ್ವಿಚಾರಕಿಗೆ ಹೇಳಬಹುದಿತ್ತು. "ಹಾಡು ಕೇಳ್ತಾ ನಿಂತಿದ್ಯಾ?" ಎಂದು ಅವರು ನಾಲ್ಕು ಮಾತು ಅಂದಾರು, ಅಷ್ಟೆ. ತನ್ನ ಮನೆಯಿಂದ ಒಂದು ಕಂಬಳಿ ತರಬಹುದಿತ್ತು, ಆದರೆ ಮನೆಯಲ್ಲಿದ್ದುದು ಒಂದೇ, ಕೆಮ್ಮುತ್ತ ಮಲಗಿದ್ದ ಗಂಡನ ಮೇಲೆ. ಇದೆಲ್ಲ ಆಮೇಲೆ ಸಾವಿರ ಸಲ ಯೋಚಿಸಿದ್ದು. ಆ ಹೊತ್ತಿಗೆ ಅವಳ ಕಣ್ಣಿಗೆ ಬಿದ್ದದ್ದು ಬಾಯ್ಲರ್ ಮನೆಯ ಬಾಗಿಲಲ್ಲಿದ್ದ ಬುಟ್ಟಿ, ಬುಟ್ಟಿಯ ಮೇಲ್ಗಡೆ ಮಡಿಸಿಟ್ಟಿದ್ದ ಬೂದು ಬಣ್ಣದ ಕಂಬಳಿ. ಒಂದು ಚಳಿಗಾಲವನ್ನೂ ಪೂರ್ತಿ ನೋಡದ ಹೊಸ ಉಣ್ಣೆ. ಇಂಥದ್ದನ್ನು ಸುಡುವುದೇ, ಹೊರಗೆ ಜನ ನಡುಗುತ್ತಿರುವಾಗ? ಎಂದು ಅವಳಿಗೆ ಅನ್ನಿಸಿದ್ದು ನಿಜ. ನಲವತ್ತಕ್ಕೆ ಒಂದು ಕಡಿಮೆಯಾದರೆ ತನ್ನ ಮಾತು ಏನಾದೀತು ಎಂದು ಅನ್ನಿಸಿದ್ದೂ ಅಷ್ಟೇ ನಿಜ. ಯಾವುದು ಮೊದಲು ಅನ್ನಿಸಿತು ಎಂಬುದು ಅವಳಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ಸೋಪು ಹಾಕಿ ಒಗೆದಳು. ಎರಡು ದಿನ ಬಿಸಿಲಿಗೆ ಹರವಿದಳು. ಚಳಿಗಾಲದ ಬಿಸಿಲು, ಬೆಳಕಷ್ಟೇ, ಕಾವಿಲ್ಲ. ಆಮೇಲೆ ಸೂಜಿ ಮೊನೆಯಿಂದ ಕೆಂಪು ದಾರವನ್ನು ಕಿತ್ತಳು. ಒಂದು, ಎರಡು, ಮೂರು, ನಾಲ್ಕು. ಪ್ರತಿ ಹೊಲಿಗೆಯೂ ಕಿತ್ತು ಬರುವಾಗ ಟಕ್ ಎಂದು ಸಣ್ಣ ಸದ್ದು ಮಾಡಿತು.

ಹಂಚುವ ದಿನ ಆ ಕಂಬಳಿಯನ್ನು ರಾಶಿಯ ತೀರಾ ಅಡಿಗೆ ಇಟ್ಟಳು. ಚೀಟಿಯವರಲ್ಲಿ ಒಬ್ಬರಾದರೂ ತಪ್ಪಿಸುತ್ತಾರೆ, ಯಾರೂ ಕೊನೆಯದಕ್ಕೆ ಬರುವುದಿಲ್ಲ ಎಂದು ಅವಳ ಲೆಕ್ಕ. ಮೂವತ್ತೊಂಬತ್ತು ಹೋಯಿತು. ಗೇಟಿನ ಬಳಿ ಯಾರೂ ಇರಲಿಲ್ಲ. ಉಸಿರು ಬಿಟ್ಟು ಮೇಜು ಮಡಚಬೇಕು, ಅಷ್ಟರಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿ ಕೂಸನ್ನು ಸಿಕ್ಕಿಸಿಕೊಂಡು ಓಡೋಡಿ ಬಂದಳು. ಕೂಸಿಗೆ ವರ್ಷ ತುಂಬಿತ್ತೋ ಇಲ್ಲವೋ. ತಲೆಗೆ ದೊಡ್ಡವರ ಕಾಲುಚೀಲ ಒಂದನ್ನು ಟೋಪಿಯಂತೆ ಹಾಕಿದ್ದರು.

"ಮುಗಿದೋಯ್ತಾ ಅಕ್ಕಾ?"

ಮುಗಿಯಿತು ಎಂದಿದ್ದರೆ ಮುಗಿಯುತ್ತಿತ್ತು. ಗುಂಡಿಯಮ್ಮ ಬಾಯಿ ತೆರೆದಳು. ಆದರೆ ಕಂಬಳಿ ಮೇಜಿನ ಮೇಲೆಯೇ ಇತ್ತು, ಆ ಹೆಂಗಸು ಅದನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಚರ್ಚಿನ ಫಾದರ್ ನಿಂತಿದ್ದರು.

"ಇಲ್ಲ, ತಗೋಮ್ಮ. ಇದು ನಿಂದೇ."

ಹೆಂಗಸು ಕಂಬಳಿಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಕೊಟ್ಟವಳ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. "ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಹೋದಳು. ಫಾದರ್ ಸಂತೋಷದಿಂದ, "ಕೊಡೋ ಭಾಗ್ಯ ಸಿಕ್ಕಿದ್ದಕ್ಕೆ ನಾವೇ ದೇವರಿಗೆ ಥ್ಯಾಂಕ್ಸ್ ಹೇಳ್ಬೇಕು, ಅಲ್ವಾ ಗುಂಡಿಯಮ್ಮ?" ಎಂದರು. ಅವಳು ಹೂಂ ಎಂದಳು. ಅಂಗೈ ಮೇಲೆ ಆ ಹೆಂಗಸಿನ ರೆಪ್ಪೆಗಳು ತೇವ ಮಾಡಿದ ಜಾಗ ಇನ್ನೂ ಆರಿರಲಿಲ್ಲ.

ಅಲ್ಲಿಂದ ಶುರುವಾಯಿತು.

ಮೊದಲ ತಿಂಗಳು ಊಟದ ಹೊತ್ತಿನಲ್ಲಿ ಮಕ್ಕಳ ವಾರ್ಡಿನ ಬಾಗಿಲಿಗೆ ಹೋಗಿ ಇಣುಕಿದಳು. ಕಾಲುಚೀಲದ ಟೋಪಿ ಎಲ್ಲೂ ಕಾಣಲಿಲ್ಲ. ಚೀಟಿ ಹಂಚಿದವರನ್ನು ಕೇಳಿದಳು. ಅವರು ಹೆಸರು ಬರೆದುಕೊಂಡಿರಲಿಲ್ಲ. ಚೀಟಿ ಹೆಚ್ಚು ಹಂಚಿದ್ದ ಸೇತುವೆಯ ಕೆಳಗಿನ ಗುಡಿಸಲುಗಳಿಗೆ ಹೋದಳು. ಅಷ್ಟು ಹೊತ್ತಿಗೆ ಅಲ್ಲಿದ್ದವರನ್ನು ಎಬ್ಬಿಸಿ ಕಳುಹಿಸಿದ್ದರು, ಕಲ್ಲಿನ ಒಲೆಗಳು ಮಾತ್ರ ಉಳಿದಿದ್ದವು. ಆಮೇಲೆ ಎಲ್ಲೂ ಸಿಗದ ಆ ಕೂಸು ಅವಳ ಮನೆಯಲ್ಲೇ ಬೆಳೆಯತೊಡಗಿತು. ದಾರಿಯಲ್ಲಿ ಅಂಬೆಗಾಲಿನ ಮಗು ಕಂಡರೆ, ಈಗ ಇಷ್ಟಿರಬೇಕು. ಶಾಲೆಗೆ ಹೋಗುವ ಹುಡುಗಿ ಕಂಡರೆ, ಈಗ ಇಷ್ಟಿರಬೇಕು. ಬದುಕಿದ್ದರೆ. ಡಿಸೆಂಬರ್ ಬಂತೆಂದರೆ ನಡುಹಗಲಿನಲ್ಲಿ ಅಡುಗೆಮನೆಯಿಂದ ಸಣ್ಣ ಕೆಮ್ಮು ಕೇಳುತ್ತಿತ್ತು. ಕೆಮ್ಮುತ್ತಿದ್ದ ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಇದು ಅವನ ಕೆಮ್ಮಲ್ಲ, ಎಳೆಯ ಗಂಟಲಿನದು.

"ಬೆಕ್ಕು, ಅತ್ತಿಗೆ" ಎನ್ನುತ್ತಿದ್ದಳು ನಾದಿನಿ. ಮದುವೆಯಾಗದೆ ಉಳಿದ ಅವಳು ಅಣ್ಣ ಹೋದ ಮೇಲೆ ಅತ್ತಿಗೆಯ ಜೊತೆಗೇ ಇದ್ದಳು. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ.

"ನಮ್ಮನೇಲಿ ಬೆಕ್ಕಿಲ್ಲ."

"ಪಕ್ಕದ ಮನೇದು. ಆ ಮನೆಯವರ ಹಾಗೇ ಅದೂನೂ, ತಿನ್ನೋಕೆ ಇಲ್ಲಿಗೆ ಬರುತ್ತೆ, ಕೆಮ್ಮೋಕೂ ಇಲ್ಲಿಗೇ ಬರುತ್ತೆ."

ಗುಂಡಿಯಮ್ಮ ನಗುತ್ತಿರಲಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೂ ಪ್ರತಿ ಕ್ರಿಸ್‌ಮಸ್ಸಿನ ಹಿಂದಿನ ದಿನ ಆ ಗೇಟಿಗೆ ಹೋಗುವುದನ್ನು ಬಿಡಲಿಲ್ಲ. ಈಗ ಅಲ್ಲಿ ಅಂಗಡಿಯ ಹೊಸ ಕಂಬಳಿಗಳನ್ನೇ ಕೊಡುತ್ತಿದ್ದರು. ಅವಳು ಸಾಲಿನ ಕೊನೆಯಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಹೊಸದಾಗಿ ಬಂದ ಫಾದರ್ ಒಮ್ಮೆ ಅವಳನ್ನೂ ಬಡವಳೆಂದುಕೊಂಡು ಕಂಬಳಿ ಕೈಗಿಟ್ಟರು. ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆ ಕಂಬಳಿ ಕೊಟ್ಟು ಇಪ್ಪತ್ತೆರಡನೆಯ ವರ್ಷ ಅದೇ ಗೇಟಿನಲ್ಲಿ ಬ್ರೆಡ್ಡಿನ ಪೊಟ್ಟಣ ಹಂಚುತ್ತಿದ್ದ ನರೆಗೂದಲಿನ ದಪ್ಪನೆಯ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ನೇರ ಇವಳತ್ತ ಬಂದಳು.

"ಕಂಬಳಿ ಕೊಟ್ಟಿದ್ದ ಅಕ್ಕ ಅಲ್ವಾ ನೀವು? ಹೊಲಿಗೆ ಕೋಣೆಯವರು?"

ಗುಂಡಿಯಮ್ಮನಿಗೆ ಗುರುತು ಸಿಗಲಿಲ್ಲ. ಹೆಂಗಸು ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಗ ಸಿಕ್ಕಿತು. ಗೇಟಿನ ಕಂಬಿ ಹಿಡಿದುಕೊಂಡಳು. ಇಷ್ಟು ವರ್ಷ ಹಗಲೂ ಇರುಳೂ ಕೇಳಿಕೊಂಡ ಪ್ರಶ್ನೆ, ನಾಲಿಗೆಯ ತುದಿಗೆ ಬಂದು ನಿಂತಿತು.

"ಮಗು..."

"ಯಾವ ಮಗು ಅಕ್ಕ, ಅವಳೀಗ ನನಗಿಂತ ಒಂದು ಗೇಣು ಎತ್ತರ. ಬೇಕರೀಲಿ ನಾನು ಹಿಟ್ಟು ನಾದ್ತೀನಿ, ಅವಳು ಗಲ್ಲಾದಲ್ಲಿ ಕೂತು ನನಗೇ ಗದರಿಸ್ತಾಳೆ. ನಾಳೆ ನಿಮ್ಮನೆಗೆ ಬರ್ತೀನಿ. ಬೇಡ ಅನ್ಬೇಡಿ, ಈ ವರ್ಷ ಊರಿಗೆ ವಾಪಸ್ ಬಂದಾಗಿಂದ ಹುಡುಕಿ ಹುಡುಕಿ ಸಾಕಾಗಿದೆ ನಂಗೆ."

ಆ ಸಂಜೆ ಗುಂಡಿಯಮ್ಮ ಹೊಟ್ಟೆ ತುಂಬ ಉಂಡಳು. ನಾದಿನಿ ಹೇಳಿದ ಸಣ್ಣ ಮಾತಿಗೂ ನಕ್ಕಳು. ಇಪ್ಪತ್ತೆರಡು ವರ್ಷದಲ್ಲಿ ಅಂಥ ಸಂಜೆ ಅದೊಂದೇ.

ಮರುದಿನ ಕ್ರಿಸ್‌ಮಸ್. ಬೇಕರಿಯವಳು ಬೆಳಿಗ್ಗೆಯೇ ಬಂದಳು. ತಾನೇ ಹೆಣೆದ ಉಣ್ಣೆಯ ಕಾಲುಚೀಲ ತಂದಿದ್ದಳು. ನಾದಿನಿ ಚಹಾ ಕೊಟ್ಟಳು. ಬಂದವಳು ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು:

"ಆವತ್ತು ನಾನು ಯಾಕೆ ತಡವಾಗಿ ಬಂದೆ ಗೊತ್ತಾ ಅಕ್ಕ? ಅಮ್ಮನ್ನ ಒಬ್ಬಳನ್ನೇ ಬಿಟ್ಟು ಬರೋಕೆ ಧೈರ್ಯ ಬರ್ಲಿಲ್ಲ. ಚಳಿಗೆ ಸೆಟೆದು ಹೋಗಿದ್ಲು. ಆ ಕಂಬಳಿ ತಗೊಂಡು ಹೋಗಿ ಮಗೂಗೆ ಹೊದಿಸೋಕೆ ಹೋದ್ರೆ ಅಮ್ಮ ಬಿಡ್ಲಿಲ್ಲ. ಮಗೂಗೆ ನಿನ್ನ ಮೈ ಇದೆ ಕಣೆ, ನಂಗ್ಯಾರಿದಾರೆ, ಇತ್ಲಾಗೆ ತಾ, ಅಂದ್ಲು. ಸ್ವಾರ್ಥಿ ಮುದುಕಿ ಅಂತ ಬೈದೆ ನಾನು." ಅವಳು ನಕ್ಕಳು. "ಹೊದ್ಕೊಂಡು ಎಂಟೊಂಬತ್ತು ದಿನ ಚೆನ್ನಾಗೇ ಇದ್ಲು. ಆಮೇಲೆ ಜ್ವರ ಬಂತು. ವಯಸ್ಸಾಗಿತ್ತಲ್ಲ."

ಗುಂಡಿಯಮ್ಮ ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ಇದ್ದವಳು. ಸೋಂಕಿನ ವಾರ್ಡಿನ ಜ್ವರ ಒಬ್ಬರಿಂದ ಒಬ್ಬರಿಗೆ ದಾಟಿ ಕಾಣಿಸಿಕೊಳ್ಳಲು ಎಷ್ಟು ದಿನ ಬೇಕು ಎಂಬುದನ್ನು ಅವಳು ನರ್ಸುಗಳ ಬಾಯಿಂದ ನೂರು ಸಲ ಕೇಳಿದ್ದಳು. ಎಂಟೊಂಬತ್ತು ದಿನ.

"ಮೈ ಮೇಲೆ ಗುಳ್ಳೆ ಏನಾದ್ರೂ..." ಎಂದು ಕೇಳಲು ಹೋಗಿ ನಿಲ್ಲಿಸಿದಳು.

"ಹೋಗೋ ಹೊತ್ತಲ್ಲಿ ಬೆಚ್ಚಗಿದೆ ಅಂದ್ಲು. ಅದೇ ಕೊನೇ ಮಾತು. ಜನ್ಮ ಪೂರ್ತಿ ನಡುಗಿದೋಳು, ಹೋಗೋವಾಗ ಬೆಚ್ಚಗೆ ಹೋದ್ಲು. ಆ ಕಂಬಳೀಲೇ ಸುತ್ತಿ ಮಣ್ಣು ಮಾಡಿದ್ವಿ, ಬಿಡಿಸಿಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಗುಂಡಿಯಮ್ಮನಿಗೆ ಕೆಂಪು ಹೊಲಿಗೆ ಕಿತ್ತ ಸದ್ದು ಟಕ್ ಎಂದು ಕೇಳಿತು. ಎರಡನೆಯದು. ಮೂರನೆಯದು. ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ.

"ನೋಡಮ್ಮ, ಆ ಕಂಬಳಿ..."

"ಆ ವರ್ಷ ಗಂಡ ಬಿಟ್ಟು ಹೋದ, ಗುಡಿಸಲು ಹೋಯ್ತು, ಅಮ್ಮ ಹೋದ್ಲು" ಎಂದಳು ಬೇಕರಿಯವಳು, ಇವಳ ಮಾತು ಕೇಳಿಸದವಳಂತೆ. "ನೆನೆಸ್ಕೊಳ್ಳೋಕೆ ಒಳ್ಳೇದು ಅಂತ ಇರೋದು ಅದೊಂದೇ ಅಕ್ಕ. ಏನೋ ಹೇಳ್ತಿದ್ರಲ್ಲ?"

ಇಳಿಸಿದ ಕಲ್ಲನ್ನು ಎಲ್ಲಿಡುವುದು? ಈ ಹೆಂಗಸಿನ ಮಡಿಲಿಗೇ ತಾನೆ. ಗುಂಡಿಯಮ್ಮ ಅವಳ ಹಿಟ್ಟು ಮೆತ್ತಿದ ಉಗುರುಗಳನ್ನು ನೋಡುತ್ತ ಕೂತಳು.

"ಏನಿಲ್ಲ. ಚಹಾ ಆರೋಯ್ತು, ಕುಡಿ."

ಬಂದವಳು ಹೋದ ಮೇಲೆ ನಾದಿನಿ ಲೋಟ ತೊಳೆಯುತ್ತ ಕೇಳಿದಳು. "ಅಷ್ಟು ಒಳ್ಳೆ ಮಾತಾಡಿ ಹೋದ್ಲು. ನಿಮ್ಮ ಮುಖ ಯಾಕತ್ತಿಗೆ ಹೀಗಾಯ್ತು? ಹೊಗಳಿಕೆ ಮೈಗೆ ಹತ್ತಲ್ವಾ ನಿಮಗೆ?"

"ಹತ್ತುತ್ತೆ. ಅದೇ ಕಷ್ಟ."

ಆಮೇಲೆ ಅಡುಗೆಮನೆಯಲ್ಲಿ ಎಳೆಯ ಕೆಮ್ಮು ಕೇಳಲಿಲ್ಲ. ಅದರ ಬದಲು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಾರೋ ಬಂದು ಕೂತಂತೆ ಆಗುತ್ತಿತ್ತು. ಬೂದು ಉಣ್ಣೆಯಲ್ಲಿ ಸುತ್ತಿಕೊಂಡ ಒಂದು ಆಕಾರ, ಮುಖವಿಲ್ಲ. ಕೂಸನ್ನಾದರೆ ಅವಳು ಕಂಡಿದ್ದಳು. ಈ ಮುದುಕಿಯನ್ನು ಕಂಡೇ ಇರಲಿಲ್ಲ. ಕ್ಷಮಿಸು ಎಂದು ಕೇಳುವುದಾದರೂ ಯಾರ ಮುಖ ನೋಡಿ?

ಮರುವರ್ಷವೂ ಬೇಕರಿಯವಳು ಬಂದಳು. ಅದರ ಮರುವರ್ಷವೂ. ಗುಂಡಿಯಮ್ಮ ಅವಳನ್ನು ಬೆಚ್ಚಗಿನ ಜಾಗದಲ್ಲಿ ಕೂರಿಸಿ, ಕೈಗೆ ಚಹಾ ಕೊಟ್ಟು, "ನಿನ್ನ ಅಮ್ಮನ ಬಗ್ಗೆ ಹೇಳು" ಎನ್ನುತ್ತಿದ್ದಳು. ಬೇಕರಿಯವಳ ಕಣ್ಣು ತುಂಬಿ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರು ಬೇರೆ ಯಾರೂ ಇಲ್ಲವಂತೆ. ಒಂದು ವರ್ಷ, ಅಮ್ಮನಿಗೆ ಮುಂದಿನ ಹಲ್ಲೆರಡು ಇರಲಿಲ್ಲ ಎಂದಳು. ಇನ್ನೊಂದು ವರ್ಷ, ಬೈಯುವಾಗ ಎಡಗೈ ಸೊಂಟದ ಮೇಲಿಡುತ್ತಿದ್ದಳು ಎಂದಳು. ಗುಂಡಿಯಮ್ಮ ಒಂದೊಂದನ್ನೂ ಜೋಪಾನವಾಗಿ ಎತ್ತಿಟ್ಟುಕೊಂಡಳು. ಕುರ್ಚಿಯಲ್ಲಿ ಕೂತವಳಿಗೆ ಮೊದಲು ಬಾಯಿ ಬಂತು, ಆಮೇಲೆ ಕೈ.

ಈ ವರ್ಷ ಬೇಕರಿಯವಳು ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ನೆನಪಾಗಿ ನಕ್ಕಳು. "ಎಷ್ಟೇ ಚಳಿ ಇರ್ಲಿ ಅಕ್ಕ, ನಮ್ಮಮ್ಮ ಕಾಲು ಮಾತ್ರ ಹೊದಿಕೆಯಿಂದ ಹೊರಗೆ ಹಾಕೇ ಮಲಗೋಳು."

"ಹಿಮ್ಮಡಿ ಒಡೆದಿತ್ತಾ?" ಎಂದು ಕೇಳಿದಳು ಗುಂಡಿಯಮ್ಮ.

"ತುಂಬಾ."

ಗುಂಡಿಯಮ್ಮ ತಲೆಯಾಡಿಸಿ, ಬಾಗಿಲು ಮುಂದಕ್ಕೆ ಮಾಡಿ ಒಳಗೆ ಬಂದಳು. ಕಿಟಕಿಯ ಕುರ್ಚಿಯ ಕಡೆ ನೋಡಿದಳು. ಬೂದು ಉಣ್ಣೆಯಿಂದ ಹೊರಗಿದ್ದ ಆ ಕಾಲುಗಳನ್ನು ಬೇಕರಿಯವಳು ಹೇಳುವ ಮೊದಲೇ ಅವಳು ಕಂಡಿದ್ದಳು.