ಮುಗಿಯದ ಶ್ರಾವಣ

ಬೆಳಿಗ್ಗೆ ನನ್ನ ತಮ್ಮನ ಮಗ ಈರಣ್ಣ ಬಂದು ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತಾಗ ಅವನ ಬಾಯಿಂದ ಜಾಜಿಕಾಯಿ, ತುಪ್ಪ, ಕರಕಲು ಬೆಲ್ಲ ಕೂಡಿದ ವಾಸನೆ ಬಂತು. ಲೇಹ್ಯದ ವಾಸನೆ. ಯಾವ ಲೇಹ್ಯವೆಂದು ನಾನು ಕೇಳಲಿಲ್ಲ. ಒಂದು ಕಾಲಕ್ಕೆ ಸವಣೂರಿನ ಸಂತೆಯಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು ಅದನ್ನೇ ಕೊಂಡವನು ನಾನು.

"ದೊಡ್ಡಪ್ಪಾರ, ಸೋಮವಾರ ಶ್ರಾವಣ ಹಿಡೀತೈತಿ. ನಾನೂ ನಿಮ್ಮಂಗ ನೇಮ ಹಿಡೀಬೇಕಂತ ಮಾಡೇನ್ರಿ. ನಾನೊಬ್ಬನ ಪಡಸಾಲ್ಯಾಗ ಮಲಗೋದು."

"ತಿಂಗಳ ಮಟ್ಟಿಗೇನು?"

"ಮುಂದ ನೋಡೋಣ್ರಿ," ಎಂದು ನೆಲ ನೋಡಿದ.

ಆ 'ಮುಂದ ನೋಡೋಣ' ನನ್ನದೇ ಮಾತು. ಸಂಜೆ ಬಾ ಎಂದು ಕಳಿಸಿದೆ. ನಲವತ್ತು ದಾಟಿದ ಗಟ್ಟಿ ಆಳು, ಬೇವಿನ ಮರದ ತನಕ ಹೋಗುವಷ್ಟರಲ್ಲಿ ಏದುಸಿರು ಬಿಟ್ಟು ನಿಂತ. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಿತ್ತಲಿಗೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ಒಳಗೆ ಬರುತ್ತೇನೆ. ನೀವಾದರೂ ಸ್ವಲ್ಪ ಹೊತ್ತು ಜೊತೆಗಿರಿ.

ನಮ್ಮ ತಿಳವಳ್ಳಿಯಲ್ಲಿ ಶ್ರಾವಣ ಬಂದರೆ ಕೆಲವು ಗಂಡಸರು ನೇಮವೆಂದು ಹಾಸಿಗೆಯನ್ನು ಪಡಸಾಲೆಗೆ ತರುತ್ತಾರೆ. ತಿಂಗಳು ಮುಗಿದರೆ ಹಾಸಿಗೆ ಸದ್ದಿಲ್ಲದೆ ಒಳಗೆ ಹೋಗುತ್ತದೆ. ವರ್ಷಗಳ ಹಿಂದೆ ಒಮ್ಮೆ ನನ್ನದು ಹೋಗಲಿಲ್ಲ. ಅದಕ್ಕೆ ಕೆಲವು ತಿಂಗಳ ಮೊದಲಿನಿಂದ ಹೆಂಡತಿಯ ಬಳಿ ಹೋದರೆ ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಇನ್ನೂ ಬಿಚ್ಚಿ ಹೇಳಬೇಕೆ? ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು, ಹೇಳಿಬಿಡುತ್ತೇನೆ. ಶಿಶ್ನ ನಿಮಿರುತ್ತಿರಲಿಲ್ಲ, ನಿಮಿರಿದರೂ ನಿಲ್ಲುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನು ನಾನು, ಆದರೆ ಇದು ರೋಗವಿರಬಹುದೆಂದು ಹೊಳೆಯಲಿಲ್ಲ. ಗಂಡಸುತನ ಮುಗಿಯಿತು ಅಂದುಕೊಂಡೆ, ಕದ್ದುಮುಚ್ಚಿ ಆ ಸಂತೆಯ ಲೇಹ್ಯ ತಿಂದೆ. ದಸರಾ ತನಕ ನೇಮ ಎಂದೆ. ಆಮೇಲೆ ದೀಪಾವಳಿ. ಆಮೇಲೆ ಮುಂದ ನೋಡೋಣ.

ಊರಿನ ನಾಲಿಗೆಗೆ ಇದು ಸಿಕ್ಕಿತು, ಆದರೆ ತಲೆಕೆಳಗಾಗಿ. ಸಂಸಾರದಲ್ಲಿದ್ದೂ ವೈರಾಗ್ಯ ಎಂದರು. ನನ್ನ ಹೆಸರು ಹೋಗಿ 'ಶರಣರು' ಎಂಬುದು ಬಂತು. ಹೊಸ ಮದುಮಕ್ಕಳನ್ನು ತಂದು ನನ್ನ ಕಾಲಿಗೆ ಬೀಳಿಸಿ, "ಮಕ್ಕಳಾಗ್ಲಿ ಅಂತ ಆಶೀರ್ವಾದ ಮಾಡ್ರಿ ಶರಣ್ರ," ಎನ್ನುತ್ತಿದ್ದರು. ನಾನೂ ಗಂಭೀರವಾಗಿ ಕೈ ಎತ್ತುತ್ತಿದ್ದೆ. ನಗಬೇಕಾದರೆ ನಗಿರಿ, ನನಗೆ ಆಗ ನಗು ಬರಲಿಲ್ಲ, ಸುಖವೇ ಆಗುತ್ತಿತ್ತು.

ನನ್ನ ಹೆಂಡತಿ ಗಂಗವ್ವ ಒಮ್ಮೆ ಮಾತ್ರ ಕೇಳಿದಳು. ತಾಟಿಗೆ ರೊಟ್ಟಿ ಹಾಕುತ್ತ, "ಎಲ್ಲಾರ ಶ್ರಾವಣ ಮುಗೀತು. ನಿಮ್ಮದು ಯಾವಾಗ ಮುಗೀತೈತ್ರಿ?" ಎಂದಳು. "ದೇವರ ವಿಷಯದಾಗ ಬಾಯಿ ಹಾಕಬ್ಯಾಡ," ಎಂದೆ.

ಕೆಲವು ವರ್ಷದ ಮೇಲೆ ನನ್ನ ಕಾಲಿನ ಗಾಯ ಮಾಯಲಿಲ್ಲವೆಂದು ಇಬ್ಬರೂ ಹಾನಗಲ್ಲಿಗೆ ಡಾಕ್ಟರ್ ಬಳಿ ಹೋದೆವು. ರಕ್ತ ತಪಾಸಣೆ ಮಾಡಿ, ಸಕ್ಕರೆ ಕಾಯಿಲೆ ಬಹಳ ದಿನದ್ದು ಎಂದರು. ಬಿ.ಪಿ.ಯೂ ಇತ್ತು. ದವಡೆಯಲ್ಲಿದ್ದ ತಂಬಾಕು ಉಗುಳಿ ಬರಲು ಹೇಳಿದರು. ಬಂದು ಕುಳಿತರೆ, "ಗಂಡ ಹೆಂಡ್ತಿ ಕೂಡೋದು ಹೆಂಗೈತಿ?" ಎಂದು ಕೇಳಿಯೇಬಿಟ್ಟರು. ನಾನು ಗೋಡೆ ನೋಡಿದೆ. ಗಂಗವ್ವ ಹೆಮ್ಮೆಯಿಂದಲೋ ಏನೋ, "ಅವರು ನೇಮದಾಗ ಅದಾರ್ರಿ," ಎಂದಳು.

"ಸಕ್ರಿ ಬಂದ ಮ್ಯಾಲ ಭಾಳ ಮಂದಿ ನೇಮ ಹಿಡೀತಾರವ್ವ," ಎಂದರು ಡಾಕ್ಟರ್.

ಆಮೇಲೆ ನಮ್ಮಿಬ್ಬರಿಗೂ ತಿಳಿಸಿ ಹೇಳಿದರು. ಕೆರೆಯ ನೀರು ಕಡಿಮೆಯಾದರೆ ಕಾಲುವೆಯ ತುದಿಯ ಹೊಲಕ್ಕೆ ಮೊದಲು ಗೊತ್ತಾಗುವಂತೆ, ರಕ್ತನಾಳ ಕೆಟ್ಟರೆ ಆ ಸಣ್ಣ ಜಾಗಕ್ಕೆ ಮೊದಲು ಗೊತ್ತಾಗುತ್ತದಂತೆ, ಎದೆಗೆ ಆಮೇಲೆ. ಸಕ್ಕರೆ, ಬಿ.ಪಿ., ತಂಬಾಕು, ಜೊತೆಗೆ ಮನಸ್ಸಿನ ಅಂಜಿಕೆ, ಎಲ್ಲವೂ ಕಾರಣ. ಗುಳಿಗೆ ಇದೆ, ಆದರೆ ಎದೆ ಪರೀಕ್ಷಿಸದೆ ತೆಗೆದುಕೊಳ್ಳಬಾರದು. ಎದೆನೋವಿನ ಕೆಲವು ಔಷಧಿಗಳ ಜೊತೆಗಂತೂ ಕೂಡದು. ಸಂತೆಯ ಲೇಹ್ಯದಲ್ಲಿ ಏನು ಬೆರೆಸಿರುತ್ತಾರೋ ಯಾರಿಗೂ ಗೊತ್ತಿಲ್ಲ, ಅದನ್ನು ಬಿಡಿ ಎಂದರು. ನನ್ನ ಎದೆ ಪರೀಕ್ಷಿಸಿ ಗುಳಿಗೆ ಬರೆದುಕೊಟ್ಟರು.

ಊರಿಗೆ ಬರುವ ಬಸ್ಸಿನಲ್ಲಿ ಗಂಗವ್ವ ಕಿಟಕಿಯ ಹೊರಗಿನ ಗೋವಿನಜೋಳದ ಹೊಲ ನೋಡುತ್ತಲೇ ಇದ್ದಳು.

"ನನ್ನ ಮೈ ನಿಮಗ ಬ್ಯಾಸರ ಆತಂತ ತಿಳಕೊಂಡು ನಾ ಕನ್ನಡಿ ನೋಡೋದ ಬಿಟ್ಟಿದ್ನಿ," ಎಂದಳು. ಬಸ್ಸು ಸ್ವಲ್ಪ ದೂರ ಬಂದ ಮೇಲೆ, "ನಿಮಗ ಗುಳಿಗಿ ಕೊಟ್ರು. ನನಗೇನ ಕೊಟ್ರು?"

ನಾನು ಟಿಕೆಟ್ಟನ್ನು ಸುರುಳಿ ಸುತ್ತುತ್ತ ಕುಳಿತೆ.

ತಂಬಾಕು ಬಿಟ್ಟೆ, ನಡೆದಾಡಿದೆ, ಸಕ್ಕರೆ ಹದಕ್ಕೆ ಬಂತು. ಗುಳಿಗೆ ಕೆಲವು ಸಲ ಕೆಲಸ ಮಾಡಿತು, ಕೆಲವು ಸಲ ಇಲ್ಲ. ಹಾಸಿಗೆ ಒಳಗೆ ಹೋಯಿತು. ಬರಿದೆ ಕೈ ಹಿಡಿದು ಮಲಗುವುದೂ ಸಂಸಾರವೇ ಎಂದು ಆ ವಯಸ್ಸಿನಲ್ಲಿ ಕಲಿತೆ. ಆದರೆ ಊರಿಗೆ ಏನನ್ನೂ ಹೇಳಲಿಲ್ಲ. ಶರಣನಾಗಿಯೇ ಉಳಿದೆ. ಈಗ ಆ ಸುಳ್ಳು ನೇಮವನ್ನು ನೋಡಿ ಈರಣ್ಣ ತನ್ನ ಹಾಸಿಗೆ ಹೊರಗೆ ತರುತ್ತಿದ್ದಾನೆ. ನಾನು ಸುಮ್ಮನಿದ್ದರೆ ಅವನ ಎದೆಯ ಗತಿಯೇನು, ಅವನ ಹೆಂಡತಿಯ ಗತಿಯೇನು? ಹೇಳಿದರೆ, ನಾಳೆ ಊರಲ್ಲಿ ನನ್ನ ಗತಿಯೇನು?

ಸಂಜೆ ಅವನು ಬಂದ. ನಾನು ಮಳೆಯ ಮಾತು ತೆಗೆದೆ, ಎಮ್ಮೆಯ ಮಾತು ತೆಗೆದೆ. ಬಾಗಿಲ ಹಿಂದೆ ಬಳೆ ಸದ್ದಾಯಿತು. ಗಂಗವ್ವ ಕೇಳುತ್ತಿದ್ದಾಳೆ. ಆಗ ಹೇಳಿದೆ, ನಿಮಗೆ ಹೇಳಿದಷ್ಟೇ ಬಿಚ್ಚಿ.

ಈರಣ್ಣ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಂದ್ರ ನೀವು ಶರಣರಲ್ಲೇನ್ರಿ?"

"ಸಕ್ರಿ ಶರಣ," ಎಂದೆ.

ಅವನು ನಕ್ಕ, ನಗುತ್ತಲೇ ಟವೆಲಿನಿಂದ ಕಣ್ಣು ಒರೆಸಿಕೊಂಡ.

"ನಾಳೆ ಹಾನಗಲ್ಲಿಗೆ ಹೋಗೋಣು. ನಿನ್ನ ಹೆಂಡ್ತಿನ್ನೂ ಕರಕೊಂಡು ಬಾ."

"ಆಕಿಗೆ ಏನಂತ ಹೇಳ್ಲಿರಿ?"

ನಾನು ಬಾಗಿಲ ಕಡೆ ತಿರುಗಿದೆ. ಬಾಗಿಲ ಹಿಂದಿನಿಂದ ಗಂಗವ್ವನೇ ಹೇಳಿದಳು: "ನಿನ್ನ ತಪ್ಪಲ್ಲ ಅಂತ ಹೇಳು, ಈರಣ್ಣಾ. ಉಳಿದದ್ದನ್ನ ಡಾಕ್ಟರ್ ಹೇಳ್ತಾರ."

ಅವನು ಹೋದ. ಆ ಒಂದು ಮಾತನ್ನು ನಾನು ಅಂದು ಬಸ್ಸಿನಲ್ಲಿ ಗಂಗವ್ವನಿಗೆ ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ. ಗಂಗವ್ವ ಒಳಗೆ ದೀಪ ಹಚ್ಚುತ್ತಿದ್ದಳು. ನಾನು ಕಟ್ಟೆಯಿಂದ ಎದ್ದು ಒಳಗೆ ಹೋದೆ. ಈ ಸಲ ಯಾಕೆ ಹೋಗುತ್ತಿದ್ದೇನೆಂದು ನೆನಪಿತ್ತು.