ಹೋಟೆಲ್ ಮುಚ್ಚಿದ ಮೇಲೆ ಊಟ

“ಈ ಮಗು ತೀರಾ ಕಡಿಮೆ ಸಲ ತಿನ್ನುತ್ತಿದೆ” ಎಂದರು ಡಾಕ್ಟರ್. ನನ್ನ ತಮ್ಮ ಸುಧಾಕರ ನಕ್ಕೇಬಿಟ್ಟ. ಮಗಳನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿ, ವಯಸ್ಸಿಗೆ ಮೀರಿದ ತೂಕ, ಶುಗರ್ ಬೇರೆ ಗಡಿ ಮುಟ್ಟಿದೆ ಎಂದು ಆಗಷ್ಟೇ ಗದರಿದ್ದ ಅದೇ ಡಾಕ್ಟರ್! ದಪ್ಪಗಿರುವವಳಿಗೆ ಇನ್ನೂ ತಿನ್ನಿಸುವುದೇ?

ಸುಧಾಕರನದ್ದು ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿ ಹತ್ತಿರ ವೆಜ್ ಹೋಟೆಲ್, ಅಲ್ಲಿಂದಲೇ ನೇರ ಬಂದಿದ್ದ. ಹೆಂಡತಿ ವಿನಯಾಗೆ ನೆರೂಳದಲ್ಲಿ ಆಫೀಸು, ರಜೆ ಸಿಗಲಿಲ್ಲ. ಹಾಗಾಗಿ ಠಾಕುರ್ಲಿಯ ಅವರ ಮನೆಯಿಂದ ಮಗಳು ಅನ್ವಿಯನ್ನು ಕ್ಲಿನಿಕ್ಕಿಗೆ ಕರೆತರುವ ಕೆಲಸ ಅತ್ತೆಯಾದ ನನ್ನ ಪಾಲಿಗೆ ಬಂತು. (ಅಂಕಣ ಬರೆಯುವವರಿಗೆ ಬೇರೆ ಕೆಲಸವಿಲ್ಲ ಎಂಬುದು ನಮ್ಮ ಮನೆಯವರ ದೃಢ ನಂಬಿಕೆ.)

ಊಟ ಯಾವಾಗ ಮಾಡುತ್ತೀ ಎಂದು ಡಾಕ್ಟರ್ ಹುಡುಗಿಯನ್ನೇ ಕೇಳಿದರು. “ಖಾನಾ ಕಬ್ ಖಾತೀ ಹೋ?”

“ಪಪ್ಪಾ ಕೇ ಸಾಥ್.”

“ಪಪ್ಪಾ ಕಬ್ ಖಾತೇ ಹೈಂ?”

“ಹೋಟೆಲ್ ಬಂದ್ ಹೋನೇ ಕೇ ಬಾದ್.”

ಪಪ್ಪನ ಜೊತೆ, ಅದೂ ಹೋಟೆಲ್ ಮುಚ್ಚಿದ ಮೇಲೆ! ಸುಧಾಕರನ ನಗು ಅಲ್ಲೇ ನಿಂತಿತು.

ಗಿರಾಕಿ ಉಂಡ ಮೇಲೆ ನಾವು. ಇದು ನಮ್ಮ ಹೋಟೆಲಿನವರ ರೂಢಿ. ನಮ್ಮಪ್ಪ ಹಾಗೇ ಉಂಡರು, ತಮ್ಮನೂ ಹಾಗೇ ಉಣ್ಣುತ್ತಾನೆ. ಆದರೆ ಮಗುವಿನ ಹೊಟ್ಟೆಗೆ ಹೋಟೆಲಿನ ಟೈಮ್‌ಟೇಬಲ್ ಹೊಂದುತ್ತದೆಯೇ? ರಾತ್ರಿ ಅಪ್ಪನ ಪಕ್ಕ ಕೂತು ಇಡೀ ದಿನದ್ದನ್ನು ಒಂದೇ ಸಲ ಉಣ್ಣುತ್ತಾಳೆ, ಉಂಡ ಹಾಗೇ ಮಲಗುತ್ತಾಳೆ. ಬೆಳಿಗ್ಗೆ ಹಸಿವಿಲ್ಲ. ಶಾಲೆಯ ಡಬ್ಬ ಹೋದ ಹಾಗೇ ವಾಪಸ್. ಮೈ ಬಂತೆಂದು ಹೆದರಿ ವಿನಯಾ ಸಂಜೆಯ ತಿಂಡಿಯನ್ನೂ ನಿಲ್ಲಿಸಿದಳು. ಮೈ ಇನ್ನಷ್ಟು ಬಂತು. ಕ್ಲಾಸಿನಲ್ಲಿ “ಮೋಟಿ”, ಅಂದರೆ ಡುಮ್ಮಿ, ಅನ್ನುತ್ತಾರಂತೆ.

ಸ್ವಲ್ಪ ಸ್ವಲ್ಪ, ಹೊತ್ತು ಹೊತ್ತಿಗೆ ಕೊಡಿ, ರಾತ್ರಿಯೂಟ ಏಳಕ್ಕೆಲ್ಲ ಆಗಿಬಿಡಲಿ ಎಂದರು ಡಾಕ್ಟರ್.

“ವಾರಕ್ಕೊಂದು ದಿನವಾದ್ರೂ ಏಳಕ್ಕೆ ಮನೆಗೆ ಬಾರೋ” ಎಂದೆ, ಹೊರಗೆ ಬಂದು.

“ಎಂತ ಅಕ್ಕ ನೀನು, ಅದೇ ರಶ್ ಟೈಮ್. ಗಲ್ಲಾದಲ್ಲಿ ಯಾರು ಕೂತ್ಕೊಳ್ಳುದು?” ಎಂದವನೇ ರಿಕ್ಷಾ ಹತ್ತಿದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಅವನೇನು ಮಜಾ ಮಾಡಲು ಹೋದನೇ? ಹೋಟೆಲ್ ನಡೆದರಲ್ಲವೇ ಮನೆ ನಡೆಯುವುದು?

ಮೊನ್ನೆ ಸಂಜೆ ಠಾಕುರ್ಲಿಗೆ ಹೋಗಿ ಏಳಕ್ಕೆ ಸರಿಯಾಗಿ ನಾನೇ ಬಡಿಸಿದೆ. ಚಪಾತಿ, ಪಲ್ಯ, ಮೇಲೊಂದಿಷ್ಟು ಮೊಸರು. ವಿನಯಾ ಇನ್ನೂ ಟ್ರೇನಿನಲ್ಲಿದ್ದಳು. ಅನ್ವಿ ತಟ್ಟೆ ಮುಟ್ಟಲಿಲ್ಲ.

“ಹಸಿವಿಲ್ವಾ ಪುಟ್ಟಿ?”

“ಹೈ ನಾ. ಪರ್ ಅತ್ತೇ, ಅಭೀ ಖಾಊಂಗಿ ತೋ ಮಮ್ಮಿ ಜಲ್ದಿ ಸುಲಾ ದೇಗಿ. ಫಿರ್ ಪಪ್ಪಾ ಕೋ ಕಬ್ ದೇಖೂಂಗಿ?”

ಈಗಲೇ ಉಂಡರೆ ಅಮ್ಮ ಬೇಗ ಮಲಗಿಸುತ್ತಾಳೆ, ಆಮೇಲೆ ಪಪ್ಪನನ್ನು ನೋಡುವುದು ಯಾವಾಗ ಎಂದು ಅವಳ ಪ್ರಶ್ನೆ. ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಇಡ್ಲಿ ಬೇಯಿಸಲು ಹೋಗಿಯಾಗಿರುತ್ತದೆ. ಬಾಯಿಗೆ ಬಂದ ಸಮಾಧಾನದ ಮಾತೆಲ್ಲ ಸುಳ್ಳಾಗಿತ್ತು. ಚಪಾತಿ ಆರಿಹೋಯಿತು.

ಊಟದ ಹೊತ್ತನ್ನೇನೋ ಡಾಕ್ಟರ್ ಬರೆದುಕೊಟ್ಟರು, ಅಪ್ಪನ ಹೊತ್ತನ್ನು ಯಾರು ಬರೆದುಕೊಡುತ್ತಾರೆ?