ಹಸಿರು ಬಣ್ಣದ ಕೆಳಗಿನ ಸೈಕಲ್

ಹೆಬ್ಬಳ್ಳಿಯ ನನ್ನ ತವರುಮನೆಯ ಅಟ್ಟ ಖಾಲಿ ಮಾಡಿಸುವಾಗ ಸಿಕ್ಕಿತೆಂದು ಅಣ್ಣ ಒಂದು ಹಳೆಯ ಸೈಕಲ್ಲಿನ ಫ್ರೇಮ್ ತಂದು ಧಾರವಾಡದ ನಮ್ಮ ಅಂಗಳದಲ್ಲಿ ಇಳಿಸಿದ. ಗಾಲಿಯಿಲ್ಲ, ಸೀಟಿಲ್ಲ, ಮೈತುಂಬ ಬಾಗಿಲಿಗೆ ಹಚ್ಚುವ ಹಸಿರು ಎಣ್ಣೆಬಣ್ಣ. “ರೇಸಿನ ಸೈಕಲ್ ಇದ್ದಂಗ ಐತಿ. ಹುಡುಗಿ ಹೆಂಗೂ ರೇಸು ರೇಸು ಅಂತ ಕುಣ್ಯಾಕತ್ತಾಳ, ಉಪಯೋಗಕ್ಕ ಬಂದ್ರ ಬರಲಿ,” ಎಂದು ಚಹಾ ಕುಡಿದು ಹೋದ. ಅಣ್ಣನಿಗೆ ಮೊದಲಿನಿಂದಲೂ ಬುದ್ಧಿ ಕಡಿಮೆ ಎಂದು ನಾನು ಸುಮ್ಮನೆ ಅನ್ನುವುದಿಲ್ಲ.

ಅದು ಯಾರದೆಂದು ಅವನಿಗೆ ಮರೆತೇ ಹೋಗಿತ್ತು, ನನಗೆ ನೋಡಿದ ಕೂಡಲೇ ಗೊತ್ತಾಯಿತು. ನನ್ನದೇ. ಮುಂಬೈಯಲ್ಲಿದ್ದ ಸೋದರಮಾವ ಯಾರಿಂದಲೋ ಕೊಂಡು ತಂದುಕೊಟ್ಟಿದ್ದ. ಕಾಲೇಜಿಗೆ ಸೇರಿದ ಹೊಸತರಲ್ಲಿ, ಗರಗದ ಕಡೆಯ ರಸ್ತೆಯಲ್ಲಿ ನಡೆದ ರೇಸಿನಲ್ಲಿ ತಲೆ ತಗ್ಗಿಸಿ ತುಳಿಯುತ್ತಿದ್ದವಳು, ನಿಂತಿದ್ದ ಟ್ರಾಕ್ಟರಿನ ಟ್ರೇಲರಿಗೆ ಹೋಗಿ ಗುದ್ದಿದೆ. ಎಡಭುಜದ ಎಲುಬು ಮುರಿಯಿತು, ರಾಡು ಹಾಕಿದರು. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅಪ್ಪ ಮನೆಬಾಗಿಲಿಗೆ ಬಳಿದು ಉಳಿದಿದ್ದ ಬಣ್ಣವನ್ನು ಸೈಕಲ್ಲಿಗೆ ಬಳಿದು ಅಟ್ಟಕ್ಕೆ ಏರಿಸಿಬಿಟ್ಟಿದ್ದ.

ಗಂಡಿನ ಕಡೆಯವರು ನೋಡಲು ಬಂದಾಗ, ಎಡಗೈ ಪೂರ್ತಿ ಮೇಲೇಳುವುದಿಲ್ಲವಲ್ಲ ಎಂದು ಕೇಳಿದ್ದಕ್ಕೆ ಅವ್ವ ಬೇರೆಯೇ ಕಥೆ ಕಟ್ಟಿದಳು. ಜೋಳದ ಚೀಲ ಇಳಿಸುವಾಗ ಏಣಿಯಿಂದ ಬಿದ್ದಳು ಅಂತ. “ಭಾಳ ಕೆಲಸದ ಹುಡುಗಿ ನೋಡ್ರಿ,” ಎಂದು ನಮ್ಮತ್ತೆ ಓಣಿಯೆಲ್ಲ ಹೇಳಿಕೊಂಡು ಬಂದರು. ಚೀಲ ಎತ್ತದೆಯೇ ಸಿಕ್ಕ ಹೆಸರು ಅದು. ಆಮೇಲೆ ಮತ್ತೆ ಯಾರೂ ಕೇಳಲಿಲ್ಲ, ನಾನೂ ಅದರ ಸುದ್ದಿಗೆ ಹೋಗಲಿಲ್ಲ.

ಈಗ ಪಿಯುಸಿ ಓದುತ್ತಿರುವ ಮಗಳು ಆ ಫ್ರೇಮನ್ನು ನೋಡಿದವಳೇ ಹಟ ಹಿಡಿದಳು. ಆಯ್ಕೆಯ ರೇಸು ಹತ್ತಿರ ಬಂದಿದೆ, ಗೆಳತಿಯ ಸೈಕಲ್ ಬೇಡಿ ಬೇಡಿ ಸಾಕಾಗಿದೆ, ಇದಕ್ಕೇ ಗಾಲಿ ಹಾಕಿಸಿಕೊಡಿ ಎಂದು. ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಅಳತೆಗೆ ಸಿಗದ್ದು ಜಗತ್ತಿನಲ್ಲಿ ಯಾವುದೂ ಇಲ್ಲ ಎಂದು ನಂಬಿದವರು, ಮೇಲಾಗಿ ಮಹಾ ಅಂಜುಬುರುಕರು. ಮಗಳು ಸಣ್ಣವಳಿದ್ದಾಗ ಒಮ್ಮೆ ಮೊಳಕಾಲು ಕೆತ್ತಿಕೊಂಡು ಬಂದಳೆಂದು ಅವಳ ಸೈಕಲ್ಲಿಗೆ ಕೀಲಿ ಹಾಕಿ, ಕೀಲಿಕೈ ಕಿಸೆಯಲ್ಲಿಟ್ಟುಕೊಂಡೇ ಸಾಲೆಗೆ ಹೋಗುತ್ತಿದ್ದರು. “ಇದು ಯಾವ ದೇಶದ್ದು, ಎಂಥಾ ಉಕ್ಕಿಂದು ಅಂತ ಗೊತ್ತಾಗೂತನಕಾ ಯಾರೂ ಇದನ್ನ ಏರೂದು ಬ್ಯಾಡ,” ಎಂದು ಹೇಳಿ ತಪಾಸಣೆಗೆ ಕೂತರು. ಯಾರದೆಂದು ನನ್ನನ್ನು ಕೇಳಿದಾಗ ಗೊತ್ತಿಲ್ಲ ಎಂದುಬಿಟ್ಟೆ.

ಬಾಯಿ ಬಿಟ್ಟರೆ ಇವರು ಮಗಳ ರೇಸನ್ನೇ ನಿಲ್ಲಿಸುತ್ತಾರೆ. ಬಿಡದಿದ್ದರೆ, ಒಮ್ಮೆ ಟ್ರೇಲರಿಗೆ ಗುದ್ದಿದ ಪೈಪುಗಳ ಮೇಲೆ ಕೂತು ನನ್ನ ಮಗಳು ಇಳಿಜಾರು ಇಳಿಯುತ್ತಾಳೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ? ಒಂದನ್ನೂ ಆರಿಸದೆ, ತಪಾಸಣೆ ಮುಗಿಯದೇ ಇರಲಿ ಎಂದು ದೇವರಿಗೆ ಕೈ ಮುಗಿದೆ.

ಇವರು ಸಂಜೆ ಸಾಲೆಯಿಂದ ಬಂದವರೇ ಮರಳುಕಾಗದ ಹಿಡಿದು ಪಡಸಾಲೆಯಲ್ಲಿ ಕೂಡುತ್ತಿದ್ದರು. ಪೆಡಲ್ ಕೂರುವ ಜಾಗದ ಕೆಳಗೆ ಒಂದು ನಂಬರು ಎದ್ದು ಬಂತು. ಫೋನಿನಲ್ಲಿ ಹಳೆಯ ಸೈಕಲ್ಲಿನ ಹುಚ್ಚರದೇ ಒಂದು ಗುಂಪಿದೆಯಂತೆ, ಅದಕ್ಕೆ ಫೋಟೋ ಕಳಿಸಿದರು. ಒಳಗಿನ ತಿರುಪಿನ ಹಲ್ಲು ಒಂದೊಂದು ದೇಶದ್ದು ಒಂದೊಂದು ಥರವಂತೆ, ಇದು ಇಟಲಿಯದಲ್ಲ, ಫ್ರಾನ್ಸಿನದೂ ಅಲ್ಲ ಎಂದು ಉತ್ತರ ಬಂತು. ಹಿಂದಿನ ಗಾಲಿ ಕೂರುವ ತುದಿಯನ್ನು ಉಜ್ಜಿದಾಗ ಸಣ್ಣ ಅಕ್ಷರಗಳು ಕಂಡವು.

“ಜಪಾನಿಂದು ನೋಡ!” ಎಂದು ಕುಣಿದರು.

“ದೇಶ ಸಿಕ್ಕಿತಲ್ಲರಿ, ಇನ್ನ ಸಾಕ್ ಮಾಡ್ರಿ,” ಎಂದೆ.

“ದೇಶ ಸಿಕ್ತು. ಈ ಸೈಕಲ್ ಹೊಡದವರು ಯಾರು ಅನ್ನೂದು ಸಿಗಬೇಕಲ್ಲ. ಅಳತಿ ನೋಡಿದ್ರ ಸಣ್ಣ ಆಳು. ಹುಡುಗೀನೂ ಇರಬಹುದು.”

ನಾನು ಎಡಭುಜದ ಮೇಲೆ ಸೆರಗು ಎಳೆದುಕೊಂಡೆ. ಇವರು ನೋಡಲಿಲ್ಲ.

ಮರುದಿನ ಗುಂಪಿನವರು ಯಾರೋ, ಹ್ಯಾಂಡಲ್ಲಿನ ಹಿಂದೆಯೇ ಇರುವ ಕೆಳಗಿನ ಪೈಪನ್ನು ಉಜ್ಜಿ ನೋಡಿ ಎಂದು ಹೇಳಿದರಂತೆ. ಉಜ್ಜಿದರು. ಬಣ್ಣ ಹೋದ ಮೇಲೆ ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ನನ್ನನ್ನು ಕರೆದು ನನ್ನ ಬೆರಳನ್ನೂ ಅಲ್ಲಿಗೆ ಮುಟ್ಟಿಸಿದರು. ಪೈಪು ಸಣ್ಣಗೆ ಸುಕ್ಕಾಗಿತ್ತು.

“ಇದು ಸೀದಾ ಹೋಗಿ ಎದಕ್ಕೋ ಗುದ್ದೇತಿ. ಬೇಕಂತನ ಬಣ್ಣ ಹಚ್ಚಿ ಮುಚ್ಯಾರ,” ಎಂದರು.

“ಇಷ್ಟಕ್ಕ ಏನಾಗತೈತಪ್ಪಾ? ಹಳೇ ಹುಬ್ಬಳ್ಯಾಗ ವೆಲ್ಡಿಂಗ್ ಮಾಡಿಕೊಡ್ತಾರ. ನಾಳೆ ನಾನ ಒಯ್ತೇನಿ,” ಎಂದಳು ಮಗಳು.

“ಒಯ್ಯಬ್ಯಾಡ!” ಎಂದು ಚೀರಿದೆ. “ಅದರ ಮ್ಯಾಲಿಂದ ಬಿದ್ದಾಕಿ ನಾನ.”

ಬಾಯಿಬಿಟ್ಟ ಮೇಲೆ ಇನ್ನೇನು ಉಳಿಯಿತು? ರೇಸು, ಟ್ರೇಲರು, ರಾಡು, ಜೋಳದ ಚೀಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಇವರು ಮರಳುಕಾಗದ ಕೆಳಗಿಟ್ಟು ಕೈ ಒರೆಸಿಕೊಂಡರು. ಮಗಳು ತುಟಿ ಕಚ್ಚಿಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಇನ್ನು ಅವಳ ರೇಸು ಮುಗಿಯಿತು ಎಂದುಕೊಂಡೆ. ನನ್ನ ಬಾಯಿಗಿಷ್ಟು ಬೆಂಕಿ ಬೀಳಲಿ ಎಂದು ಬೈದುಕೊಂಡೆ.

“ನೀ ಬಿದ್ದಾಗ ನಿನ್ನ ಮುಂದ ಎಷ್ಟ ಮಂದಿ ಇದ್ರು?” ಎಂದು ಕೇಳಿದರು.

ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಎಲುಬಿನ ಮಾತು, ಮನೆಯಲ್ಲಿ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬ ಮಾತು.

“ಯಾರೂ ಇರಲಿಲ್ಲರಿ,” ಎಂದೆ. ಅಳು ತಡೆಯಲಾಗಲಿಲ್ಲ.

ಇವರು ಫ್ರೇಮನ್ನು ಎತ್ತಿ ಗೋಡೆಗೆ ಒರಗಿಸಿದರು. ಆಮೇಲೆ ಮಗಳ ಕಡೆ ತಿರುಗಿ, “ನಿಮ್ಮವ್ವ ಎಲ್ಲಾರಕಿಂತ ಮುಂದ ಇದ್ಲಂತ. ಆದ್ರ ಇದು ನಡಿಯಂಗಿಲ್ಲ. ನಿನಗ ಬ್ಯಾರೆ ಸೈಕಲ್ ನೋಡೂಣು,” ಎಂದರು.

ಈಗ ಮಗಳು ದಿನಾ ಬೆಳಿಗ್ಗೆ ಹೊಸ ಸೈಕಲ್ ಏರಿ ಬೈಪಾಸಿನ ಕಡೆ ಹೋಗುತ್ತಾಳೆ. ಆ ಅಂಜುಬುರುಕ ಮನುಷ್ಯ, ತಾವೇ ಅಳತೆ ನೋಡಿ ಕೊಡಿಸಿದ ಸೈಕಲ್ಲೆಂದೋ ಏನೋ, ನೆಮ್ಮದಿಯಿಂದ ಪೇಪರ್ ಓದುತ್ತ ಕೂತಿರುತ್ತಾರೆ. ನಾನು ರೊಟ್ಟಿ ಬಡಿಯುತ್ತ ಗೇಟಿನ ಸಪ್ಪಳಕ್ಕೆ ಕಿವಿ ಕೊಟ್ಟಿರುತ್ತೇನೆ. ಅವಳು ತಡವಾದಷ್ಟೂ ರೊಟ್ಟಿ ಹೊತ್ತುತ್ತವೆ. ಬ್ಯಾಡ ಎನ್ನುವ ಮಾತು ಇವರ ಬಾಯಿಂದ ಬಂದೀತೆಂದು ಅಷ್ಟು ಹೆದರಿದ್ದೆನಲ್ಲ, ಅದು ದಿನಾ ಅವಳು ಹೆಲ್ಮೆಟ್ ಕಟ್ಟಿಕೊಳ್ಳುವಾಗ ನನ್ನ ನಾಲಿಗೆಯ ತುದಿಗೇ ಬಂದು ನಿಲ್ಲುತ್ತದೆ. ಇವತ್ತಿನವರೆಗೆ ನುಂಗಿಕೊಂಡಿದ್ದೇನೆ.